ಕುಲಾವಿ ರೆಡಿ ಅದ, ಕೂಸು ಹಿಡಿಯೋರು ಯಾರು?

ಬೀದರ: ಆರು ತಿಂಗಳ ಹೆರಿಗೆ ರಜಾ ಮುಗೀತು. ಸೋಮವಾರ ಡ್ಯೂಟಿಗೆ ಹಾಜರಾಗಬೇಕು. ಕೂಸು ಇನ್ನೂ ನೆಟ್ಟಗೆ ಕೂಡಲಿಕ್ಕೂ ಕಲಿತಿಲ್ಲ. ಅದನ್ನು ಯಾರ ಕೈಯಲ್ಲಿ ಕೊಟ್ಟು ಹೋಗಬೇಕು?

ಬೀದರದ ಗಾಂಧಿ ಗಂಜಿನ ಅಂಗಡಿಕಾರರ ಮನೆಯಲ್ಲೂ ಇದೇ ಮಾತು. ಭಾಲ್ಕಿಯಿಂದ ಬೀದರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಶಾಲೆಯ ಬಾಯಿಯವರು, ದವಾಖಾನೆಯ ಸಿಸ್ಟರುಗಳ ಮನೆಯಲ್ಲೂ ಇದೇ ಮಾತು. ಔರಾದ ಕಡೆ ಹೊಲದ ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗಂತೂ ಆರು ತಿಂಗಳ ರಜಾ ಎಂಬುದೇ ಇಲ್ಲ. ಅವರಿಗೆ ಈ ಪ್ರಶ್ನೆ ಬಾಣಂತನ ಮುಗಿಯುವ ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಹಿರಿಯರು ಅವಸರದವರನ್ನು ನಗೆಯಾಡುತ್ತಾರೆ. ಕುಲಾವಿ ಇರಲಿ, ತೊಟ್ಟಿಲು, ಬೆಳ್ಳಿ ಕಡಗ ಎಲ್ಲವೂ ಮುಂಚೆಯೇ ತಯಾರಾಗುತ್ತವೆ. ಹಗಲು ಹೊತ್ತು ಕೂಸನ್ನು ಹಿಡಿಯುವವರು ಯಾರು ಎಂಬುದು ಮಾತ್ರ ರಜಾ ಮುಗಿಯುವ ಹಿಂದಿನ ವಾರ ನೆನಪಾಗುತ್ತದೆ. ಆಗ ಗಡಿಬಿಡಿಯಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. ತಿಂಗಳಿಗೆ ಎಷ್ಟು ತಗೋತೀರಿ? ಮನೆಗೆ ಎಷ್ಟು ದೂರ ಅದ?

ಮೊದಲು ಕೇಳಬೇಕಾದದ್ದು ಬೇರೆ. ಒಬ್ಬರ ಕೈಯಲ್ಲಿ ಎಷ್ಟು ಕೂಸು? ಈ ಒಂದು ಲೆಕ್ಕ ಸರಿಯಾದರೆ ಉಳಿದದ್ದು ಅರ್ಧ ಸರಿಯಾದಂತೆ.

ನಡುವಿನ ಎರಡೂವರೆ ವರ್ಷ

ಕಾಯ್ದೆ ಏನು ಹೇಳುತ್ತದೆ ನೋಡಬೇಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲೆರಡು ಕೂಸುಗಳಿಗೆ ಪಗಾರ ಸಹಿತ ರಜಾ 12 ವಾರದಿಂದ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ 26 ವಾರ ಹಾಗೇ ಉಳಿದಿದೆ. ರಾಜ್ಯ ಸರ್ಕಾರದ ನೌಕರಿಯಲ್ಲಿದ್ದವರಿಗೆ ಹೆರಿಗೆ ರಜಾ 180 ದಿನ. ಅದರ ಮೇಲೆ ಮಕ್ಕಳ ಆರೈಕೆಗೆಂದು ಇಡೀ ಸೇವೆಯಲ್ಲಿ ಇನ್ನೂ 180 ದಿನದ ರಜಾ ಹೆಣ್ಣು ನೌಕರರಿಗೆ 2021ರಲ್ಲಿ ಮಂಜೂರಾಯಿತು.

ಅಂಗಡಿ ಮುಂಗಟ್ಟುಗಳ ಮಾತು ಬೇರೆ. ಹತ್ತು ಮಂದಿಗಿಂತ ಕಡಿಮೆ ಕೆಲಸಗಾರರಿದ್ದ ಅಂಗಡಿಗೆ ಆ ಕಾಯ್ದೆ ತಾಗುತ್ತಿರಲಿಲ್ಲ, ಸಂಹಿತೆಯಲ್ಲೂ ಹತ್ತರ ಲೆಕ್ಕವೇ ಇದೆ. ನಾಲ್ಕು ಮಂದಿ ಕೆಲಸಕ್ಕಿರುವ ಬಟ್ಟೆ ಅಂಗಡಿಯಲ್ಲಿ ದಿನಾ ನಿಂತು ಸೀರೆ ಬಿಚ್ಚಿ ತೋರಿಸುವ ಹೆಣ್ಣುಮಗಳಿಗೆ ಮಾಲಕರ ಮನಸ್ಸೇ ಕಾಯ್ದೆ.

ಇನ್ನು ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಈಗ ಅಂಗನವಾಡಿ ಇಲ್ಲದ ಊರು ಹುಡುಕಬೇಕು. ಆದರೆ ಅಲ್ಲಿ ಕೂತು ಹಾಡಿ ಆಡುವುದು ಮೂರು ವರ್ಷ ತುಂಬಿದ ಮಕ್ಕಳು. ಅದಕ್ಕಿಂತ ಚಿಕ್ಕದಕ್ಕೆ ತೂಕ ಹಾಕುತ್ತಾರೆ, ಪೌಷ್ಟಿಕ ಆಹಾರ ಮನೆಗೆ ಕೊಟ್ಟು ಕಳಿಸುತ್ತಾರೆ. ಹಗಲಿಡೀ ಇಟ್ಟುಕೊಳ್ಳುವುದಿಲ್ಲ.

ಅಂದರೆ ರಜಾ ಮುಗಿಯುವುದು ಆರು ತಿಂಗಳಿಗೆ, ಅಂಗನವಾಡಿಯ ಬಾಗಿಲು ತೆರೆಯುವುದು ಮೂರು ವರ್ಷಕ್ಕೆ. ನಡುವೆ ಎರಡೂವರೆ ವರ್ಷ ಬಯಲು. ಕೂಸು ಅಂಬೆಗಾಲಿಟ್ಟು, ಎದ್ದು ಬಿದ್ದು, ಮಾತು ಕಲಿಯುವುದು ಈ ಎರಡೂವರೆ ವರ್ಷದಲ್ಲೇ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದೂ ಆಗಲೇ.

ಬಸ್ಸಿನವರ ಲೆಕ್ಕ

ಬೀದರದಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್. ಔರಾದಕ್ಕೂ ಹೆಚ್ಚುಕಡಿಮೆ ಅಷ್ಟೇ. ಭಾಲ್ಕಿಗಾದರೆ ರೈಲಾದರೂ ಉಂಟು, ಔರಾದಕ್ಕೆ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯಿತು. ಟಿಕೀಟಿನ ಖರ್ಚು ಹೋಯಿತು, ಕೂಸಿನ ಚಿಂತೆ ಹೋಗಲಿಲ್ಲ.

ಬೆಳಿಗ್ಗೆ 8ಕ್ಕೆ ಮನೆ ಬಿಟ್ಟು ಸಂಜೆ ಆರೂವರೆಗೆ ತಿರುಗಿ ಬರುವವರಿಗೆ ಒಟ್ಟು ಹತ್ತೂವರೆ ತಾಸು ಆಯಿತು. ಕೇಂದ್ರ ಸರ್ಕಾರ 2022ರಲ್ಲಿ ಮಿಷನ್ ಶಕ್ತಿಯ ಕೆಳಗೆ ತಂದ ಪಾಲನಾ ಯೋಜನೆಯ ಶಿಶುಪಾಲನಾ ಕೇಂದ್ರ ತೆರೆದಿರಬೇಕಾದದ್ದು ದಿನಕ್ಕೆ ಏಳೂವರೆ ತಾಸು, ತಿಂಗಳಿಗೆ 26 ದಿನ. ಆರು ತಿಂಗಳಿಂದ ಆರು ವರ್ಷದವರೆಗಿನ 25 ಮಕ್ಕಳಿಗೆ ಅಲ್ಲಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇಂಥ ಕೇಂದ್ರ ತಮ್ಮ ತಾಲೂಕಿನಲ್ಲಿ ಎಲ್ಲಿದೆ ಎಂದು ಜನ ಸಿ.ಡಿ.ಪಿ.ಓ. ಕಚೇರಿ ಎನ್ನುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕು. ಸಿಕ್ಕರೂ ಬಸ್ಸಿನವರಿಗೆ ಮೂರು ತಾಸು ಕಡಿಮೆಯೇ. ಆ ಮೂರು ತಾಸಿಗೆ ಮನೆಯವರು ಯಾರು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು.

ಮನೆಯ ಹತ್ತಿರ ಬಿಡುವುದೋ, ಕಚೇರಿಯ ಹತ್ತಿರವೋ? ಒಂದು ತಾಸಿಗೂ ಮಿಕ್ಕಿ ಬಸ್ಸಿನ ದಾರಿ ಇದ್ದರೆ ಮನೆಯ ಹತ್ತಿರವೇ ಮೇಲು. ದಿನಾ ಎರಡು ಸಲ ನೂಕುನುಗ್ಗಲು, ಧೂಳು, ಬಿಸಿಲು ಕೂಸಿಗೆ ಬೇಡ. ಬಸ್ಸು ಕೆಟ್ಟು ತಡವಾದರೂ ನೆರೆಯವರು ಹೋಗಿ ಕೂಸನ್ನು ಕರಕೊಂಡು ಬರಬಹುದು. ಕೆಲಸದ ಜಾಗ ಊರಲ್ಲೇ ಇದ್ದವರಿಗೆ ಅಲ್ಲಿಯೇ ಹತ್ತಿರದ ಕೇಂದ್ರ ಒಳ್ಳೆಯದು, ನಡುವೆ ಎದ್ದು ಹೋಗಿ ಹಾಲು ಕುಡಿಸಿ ಬರಬಹುದು. 50 ಮಂದಿ ಕೆಲಸಗಾರರಿದ್ದ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಲು ಬಿಡಬೇಕು ಎಂಬುದೂ ಕಾಯ್ದೆಯ ಮಾತೇ.

ದೂರ ಹೋಗುವ ತಾಯಂದಿರು ಹಾಲು ಹಿಂಡಿಟ್ಟು ಹೋಗಬಹುದು. ಕೈ ಸಾಬೂನಿನಿಂದ ತೊಳೆದಿರಬೇಕು, ಪಾತ್ರೆ ಕುದಿಸಿದ್ದಿರಬೇಕು. 25 ಡಿಗ್ರಿಯೊಳಗಿನ ತಂಪಿನಲ್ಲಿ ಅದು ನಾಲ್ಕು ತಾಸು ತಡೆಯುತ್ತದೆ, ಫ್ರಿಜ್ಜಿನಲ್ಲಿ ಇನ್ನೂ ಹೆಚ್ಚು. ಬೀದರದ ಎಪ್ರಿಲ್-ಮೇ ಬಿಸಿಲಿನಲ್ಲಿ ಹೊರಗಿಟ್ಟು ನಾಲ್ಕು ತಾಸು ನಂಬಬಾರದು. ಬಾಟಲಿಗಿಂತ ಬಟ್ಟಲು-ಚಮಚ ಚೊಕ್ಕ.

“ಆಯಿ ಅದಾಳ ಬಿಡ್ರಿ”

ಬಹಳ ಮನೆಗಳಲ್ಲಿ ಉತ್ತರ ತಯಾರಿರುತ್ತದೆ. “ಮನ್ಯಾಗ ಆಯಿ ಅದಾಳ ಬಿಡ್ರಿ, ಚಿಂತಿ ಯಾಕ?” ಅಜ್ಜಿಯ ಮಡಿಲಿಗಿಂತ ಒಳ್ಳೆಯ ಜಾಗ ಕೂಸಿಗೆ ಇಲ್ಲ, ಒಪ್ಪತಕ್ಕ ಮಾತೇ. ಆದರೆ ಆಯಿಯನ್ನು ಯಾರೂ ಕೇಳಿರುವುದಿಲ್ಲ. ಮೂರು ತಿಂಗಳ ಕೂಸು ಇಟ್ಟಲ್ಲೇ ಇರುತ್ತದೆ. ಹತ್ತು ತಿಂಗಳ ಕೂಸು ಅಂಬೆಗಾಲಿಟ್ಟು ಒಲೆಯ ಕಡೆ ಹೊರಟರೆ, ಮೊಣಕಾಲು ನೋವಿನ ಆಯಿ ಎಷ್ಟು ಬೇಗ ಎದ್ದಾಳು?

ಆಯಿಯ ತಲೆಯ ಮೇಲೆ ಅಡಿಗೆ, ಮುಸುರೆ, ಅಂಗಡಿಗೆ ಬುತ್ತಿ ಕಟ್ಟುವುದು ಎಲ್ಲಾ ಇರುವಾಗ ಕೂಸನ್ನೂ ಹೊರಿಸಿದರೆ, ಕೂಸು ನೋಡುವವರು ಇಲ್ಲದಂತೆಯೇ ಸರಿ. ಆಯಿ ಕೂಸು ಹಿಡಿದರೆ ಬೇರೆ ಕೆಲಸದಿಂದ ಆಕೆಯನ್ನು ಬಿಡಿಸಬೇಕು. ವಾರಕ್ಕೊಂದು ದಿನ ಆಕೆಗೂ ರಜಾ ಬೇಕು. ಅಂಗಡಿ ಬಂದ್ ಇರುವ ದಿನ ಮಗನೇ ಕೂಸು ಎತ್ತಿಕೊಂಡು ಓಣಿಯಲ್ಲಿ ಅಡ್ಡಾಡಿದರೆ ಯಾರ ಮಾನವೂ ಹೋಗುವುದಿಲ್ಲ.

ಇನ್ನೊಂದು ಲೆಕ್ಕ ಮನೆ ಮನೆಯಲ್ಲೂ ತಪ್ಪುತ್ತದೆ. ಕೂಸು ನೋಡುವವರಿಗೆ ಕೊಡುವ ದುಡ್ಡನ್ನು ತಾಯಿಯ ಪಗಾರದಲ್ಲಿ ಮಾತ್ರ ಕಳೆಯುತ್ತಾರೆ. “ಅಷ್ಟು ಕೊಟ್ಟು ಉಳಿಯೋದು ಏನು? ನೌಕರಿ ಬಿಡು” ಅನ್ನುತ್ತಾರೆ. ಕೂಸು ಇಬ್ಬರದ್ದು, ಖರ್ಚೂ ಇಬ್ಬರ ಗಳಿಕೆಯಲ್ಲಿ ಕಳೆಯಬೇಕು. ಎರಡೂವರೆ ವರ್ಷದ ಖರ್ಚು ಎರಡೂವರೆ ವರ್ಷಕ್ಕೆ ಮುಗಿಯುತ್ತದೆ, ಬಿಟ್ಟ ನೌಕರಿ ತಿರುಗಿ ಸಿಗುವುದು ಕಷ್ಟ.

ಹಳ್ಳಿಯಿಂದ ಹುಡುಗಿ ತರುವವರಿಗೆ

ಶಹರದ ಕೆಲವು ಮನೆಗಳಲ್ಲಿ ಇನ್ನೊಂದು ಹಾದಿ ಉಂಟು. ಸಂಬಂಧಿಕರ ಊರಿನಿಂದ ಹತ್ತು-ಹನ್ನೆರಡು ವರ್ಷದ ಹುಡುಗಿಯನ್ನು ಕರೆತಂದು, ಊಟ ಬಟ್ಟೆ ಕೊಟ್ಟು ಕೂಸು ಹಿಡಿಯಲಿಕ್ಕೆ ಇಟ್ಟುಕೊಳ್ಳುವುದು. ಕೇಳಿದರೆ “ನಮ್ಮ ಮಗಳಂಗ ನೋಡ್ಕೋತೀವ್ರಿ” ಎಂಬ ಉತ್ತರ.

ಇದು ಅಪರಾಧ. ಮನೆಗೆಲಸಕ್ಕೆ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳುವುದಕ್ಕೆ 2006ರ ಅಕ್ಟೋಬರಿನಲ್ಲೇ ನಿಷೇಧ ಬಿದ್ದಿದೆ. 2016ರ ತಿದ್ದುಪಡಿಯ ಮೇಲೆ ಯಾವ ಕೆಲಸಕ್ಕೂ ಇಡುವಂತಿಲ್ಲ. ಇಟ್ಟರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೆ ಎರಡೂ. ಕಾಯ್ದೆಯ ಮಾತು ಹಾಗಿರಲಿ. ಸಾಲಿಗೆ ಹೋಗಬೇಕಾದ ಒಂದು ಮಗು ಮತ್ತೊಂದು ಮಗುವನ್ನು ಕಾಯುತ್ತ ಕೂತರೆ ಎರಡಕ್ಕೂ ಕಾವಲಿಲ್ಲ. ಕೂಸಿಗೆ ಜ್ವರ ಏರಿದರೆ, ಗಂಟಲಲ್ಲಿ ಏನೋ ಸಿಕ್ಕಿದರೆ ಹನ್ನೆರಡರ ಹುಡುಗಿ ಏನು ಮಾಡಬೇಕು?

ಹೊಲದ ಬದಿಯ ಜೋಳಿಗೆ

ಔರಾದ, ಭಾಲ್ಕಿಯ ಹಳ್ಳಿಗಳಲ್ಲಿ ಇದೇ ಕತೆ ಮನೆಯೊಳಗೇ ನಡೆಯುತ್ತದೆ. ಮಳೆಗಾಲದಲ್ಲಿ ಹೆಸರು, ಉದ್ದು, ಸೋಯಾ ಹೊಲದ ಕಸ ತೆಗೆಯುವುದು, ಅದರ ಹಿಂದೆ ರಾಶಿ, ಚಳಿಗಾಲಕ್ಕೆ ತೊಗರಿ. ಕೂಲಿ ಸಿಗುವ ದಿನ ಬಿಡುವಂತಿಲ್ಲ. ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಾರೆ. ಹುಳ-ಹುಪ್ಪಡಿಯ ಅಂಜಿಕೆ ಇದ್ದೇ ಇದೆ. ಇಲ್ಲವೆಂದರೆ ನಾಲ್ಕನೆಯ ಇಯತ್ತೆಯ ಅಕ್ಕನ ಸಾಲಿ ತಪ್ಪಿಸಿ ಕೂಸಿನ ಹತ್ತಿರ ಕೂಡಿಸುತ್ತಾರೆ. ರಾಶಿ ಮುಗಿಯುವ ಹೊತ್ತಿಗೆ ಆ ಹುಡುಗಿಯ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಒಂದು ಕೂಸಿನ ಆರೈಕೆಗೆ ಇನ್ನೊಂದು ಹುಡುಗಿಯ ಓದು ಬೆಲೆಯಾಗುತ್ತದೆ. ತಾಯಿ ಇದನ್ನು ಬೇಕೆಂದು ಮಾಡುವುದಿಲ್ಲ, ಬೇರೆ ದಾರಿ ಕಾಣದೆ ಮಾಡುತ್ತಾಳೆ.

ಈ ದಾರಿಗೆಂದೇ ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಕೂಸಿನ ಮನೆ ಯೋಜನೆ ಸಾರಿತು. ಗುರಿ 4,000 ಗ್ರಾಮ ಪಂಚಾಯತಿ. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಚಿಕ್ಕ ಮಕ್ಕಳಿಗಾಗಿ ಮಾಡಿದ್ದು. ಜಾಬ್ ಕಾರ್ಡ್ ಇದ್ದ ಊರ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಸರದಿಯ ಮೇಲೆ ಆರೈಕೆಗೆ ಇಟ್ಟರು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಒಂದು ಮಾತಿತ್ತು. ಕೆಲಸದ ಜಾಗಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ, ಕೆಲಸಕ್ಕೆ ಬಂದ ಒಬ್ಬಾಕೆಯನ್ನು ಅವರನ್ನು ನೋಡಿಕೊಳ್ಳಲಿಕ್ಕೇ ಬಿಡಬೇಕು, ಆಕೆಗೂ ಕೂಲಿ ಕೊಡಬೇಕು. 2025ರ ಡಿಸೆಂಬರಿನಲ್ಲಿ ಆ ಕಾಯ್ದೆಯ ಬದಲಿಗೆ ಸಂಸತ್ತು ಹೊಸ ಕಾಯ್ದೆ ಒಪ್ಪಿದೆ. ಕಾಯ್ದೆಯ ಹೆಸರು ಏನೇ ಆಗಲಿ, ಊರ ಕೂಸಿನ ಮನೆಯ ಬಾಗಿಲು ದಿನಾ ತೆರೆಯುತ್ತದೆಯೇ ಎಂದು ಪಂಚಾಯತಿಗೆ ಹೋಗಿ ಕೇಳುವ ಹಕ್ಕು ಊರವರದ್ದೇ.

ಅಲ್ಲಿಯೂ ನೋಡಬೇಕಾದ ಮಾತೊಂದಿದೆ. ಸರದಿ ಅಂದರೆ ಮುಖ ಬದಲಾಗುತ್ತದೆ. ಕೂಸಿಗೆ ಬೇಕಾದದ್ದು ಗುರುತಿನ ಮುಖ. ಸರದಿ ಬದಲಾಗುವಾಗ ಹಳಬರು-ಹೊಸಬರು ಕೆಲವು ದಿನ ಕೂಡಿ ಇರುವಂತೆ ಮಾಡಿದರೆ ಕೂಸು ಬೆದರುವುದಿಲ್ಲ.

ಬೋರ್ಡು ನೋಡಬೇಡಿ, ಕೈ ಎಣಿಸಿರಿ

ಖಾಸಗಿಯಾಗಿ ಕೂಸು ನೋಡುವ ಜಾಗಗಳು ಎರಡು ತರಹ. ಒಂದು, ಬಣ್ಣದ ಬೋರ್ಡು ಹಾಕಿದ ಬೇಬಿ ಸಿಟ್ಟಿಂಗ್. ಇನ್ನೊಂದು, ಓಣಿಯಲ್ಲಿ ತನ್ನ ಮನೆಯಲ್ಲೇ ಮೂರು ನಾಲ್ಕು ಕೂಸು ಇಟ್ಟುಕೊಳ್ಳುವ ಅಕ್ಕ. ಗೋಡೆಯ ಮೇಲಿನ ಚಿತ್ರ ನೋಡಿ ಮೊದಲನೆಯದನ್ನು ಒಪ್ಪುವವರೇ ಬಹಳ. ಚಿತ್ರ ಕೂಸನ್ನು ಎತ್ತಿಕೊಳ್ಳುವುದಿಲ್ಲ.

ನೌಕರಿಯ ಜಾಗದ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬರು, ಮೂರರಿಂದ ಆರರವರೆಗಿನ ಇಪ್ಪತ್ತು ಮಕ್ಕಳಿಗೆ ಒಬ್ಬರು ಇರಬೇಕು ಎಂದಿದೆ. ಅದು ಕೊನೆಯ ಗೆರೆ. ಇಂಗ್ಲೆಂಡಿನ ನಿಯಮದಲ್ಲಿ ಎರಡು ವರ್ಷದೊಳಗಿನ ಮೂರು ಕೂಸಿಗೇ ಒಬ್ಬರು ಬೇಕು. ನಡೆಯಲಾರದ ಕೂಸುಗಳನ್ನು ಬೆಂಕಿಯಿಂದ ಹೊರಗೆ ಒಯ್ಯಬೇಕಾದರೆ ಒಬ್ಬರ ಎರಡು ಕಂಕುಳಲ್ಲಿ ಎಷ್ಟು ಹಿಡಿದಾವು? ಈ ಲೆಕ್ಕಕ್ಕೆ ಮಾರ್ಗಸೂಚಿ ಬೇಡ.

ಜಾಗ ನೋಡಲಿಕ್ಕೆ ಹೋದವರು ಇಷ್ಟು ಗಮನಿಸಬೇಕು:

ಒಂದು: ಹೇಳದೆ ಕೇಳದೆ, ಎರಡು ಸಲ, ಬೇರೆ ಬೇರೆ ಹೊತ್ತಿಗೆ ಹೋಗಿರಿ. ಮಧ್ಯಾಹ್ನದ ಊಟದ ಹೊತ್ತು ಬಹಳ ಒಳ್ಳೆಯದು. ತಾಯಿ-ತಂದೆ ನಡುವೆ ಬರಬಾರದು ಎನ್ನುವ ಜಾಗಕ್ಕೆ ಕೈಮುಗಿದು ತಿರುಗಿ ಬನ್ನಿ.

ಎರಡು: ನೀರಿನ ಟಾಕಿಗೆ ಮುಚ್ಚಳ ಇದೆಯೇ? ಬಚ್ಚಲಲ್ಲಿ ತುಂಬಿದ ಬಕೆಟ್ ಇದೆಯೇ? ಅಂಬೆಗಾಲಿಡುವ ಕೂಸು ಅರ್ಧ ಬಕೆಟ್ ನೀರಿನಲ್ಲೂ ಮುಳುಗಬಲ್ಲದು. ಒಲೆ, ಗ್ಯಾಸು, ಕರೆಂಟಿನ ಬೋರ್ಡು, ಮಹಡಿಯ ಮೆಟ್ಟಿಲು, ರಸ್ತೆಯ ಗೇಟು ಎಲ್ಲವನ್ನೂ ಮೊಣಕಾಲ ಎತ್ತರಕ್ಕೆ ಬಗ್ಗಿ ನೋಡಿರಿ. ಕೂಸಿಗೆ ಕಾಣುವುದು ಆ ಎತ್ತರದ ಲೋಕ.

ಮೂರು: ಏನು ತಿನ್ನಿಸುತ್ತಾರೆ? ಆರು ತಿಂಗಳವರೆಗೆ ತಾಯಿಹಾಲು ಮಾತ್ರ, ಆಮೇಲೆ ಅದರ ಜೊತೆ ಮೆತ್ತಗಿನ ಅನ್ನ-ಬೇಳೆ, ಗಂಜಿ. ಇಡೀ ಶೇಂಗಾ, ಪುಟಾಣಿ, ದ್ರಾಕ್ಷಿ ಗಂಟಲಲ್ಲಿ ಸಿಕ್ಕುವ ವಸ್ತು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದು.

ನಾಲ್ಕು: ಹೇಗೆ ಮಲಗಿಸುತ್ತಾರೆ? ಕೂಸನ್ನು ಅಂಗಾತ, ಗಟ್ಟಿ ಹಾಸಿಗೆಯ ಮೇಲೆ, ಮುಖದ ಹತ್ತಿರ ದಿಂಬು ದುಪ್ಪಟಿ ಇಲ್ಲದೆ ಮಲಗಿಸಬೇಕು.

ಐದು: ಬೇರೆ ಮಕ್ಕಳ ಲಸಿಕೆ ಆಗಿದೆಯೇ ಎಂದು ಕೇಳುತ್ತಾರೆಯೇ? ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಸೂಜಿ ಆಗಬೇಕು. ತಾಯಿ ಕಾರ್ಡು ಕೇಳದೆ ಕೂಸು ತಗೊಳ್ಳುವವರು ಬೇರೆ ಯಾವುದನ್ನೂ ಕೇಳುವುದಿಲ್ಲ.

ನಿದ್ದೆಯ ಔಷಧದ ಮಾತು

1920ರ ದಶಕದಲ್ಲಿ ಬೊಂಬಾಯಿಯ ಬಟ್ಟೆ ಗಿರಣಿಗಳಿಗೆ ಹೋಗುವ ತಾಯಂದಿರು ಕೂಸಿಗೆ ಚೂರು ಅಫೀಮು ಕೊಟ್ಟು ಮಲಗಿಸಿ ಪಾಳಿಗೆ ಹೋಗುತ್ತಿದ್ದರು. ಆಗಿನ ಸರ್ಕಾರಿ ವರದಿಗಳಲ್ಲೇ ಇದು ದಾಖಲಾಗಿದೆ. ಈಗ ಅಫೀಮಿನ ಗುಳಿಗೆ ಬೇಕಾಗಿಲ್ಲ, ನೆಗಡಿಯ ಸಿರಪ್ಪೇ ಸಾಕು. ಅದು ಕುಡಿದರೆ ಕೂಸು ಜೊಂಪಿಗೆ ಬೀಳುತ್ತದೆ, ನೋಡುವವರಿಗೆ ಹಗುರ.

ಎರಡು ಔಷಧ ಬೆರೆಸಿದ ಅಂಥ ಒಂದು ನೆಗಡಿ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಹೇಳಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಆಗ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿಯ ಸಿರಪ್ ಬರೆಯಬೇಡಿ ಎಂದು ಡಾಕ್ಟರರಿಗೇ ಸೂಚನೆ ಕೊಟ್ಟಿತು. ಚೀಟಿ ಇಲ್ಲದೆ ಬಂದವರಿಗೆ ಬಾಟಲಿ ಕಟ್ಟಿಕೊಡುವ ಮೆಡಿಕಲ್ ಅಂಗಡಿಯವರೂ ಇದನ್ನು ಓದಬೇಕು.

ಆದಕಾರಣ ಅಳುವ ಕೂಸನ್ನು ನೋಡಿ ಅಂಜಬೇಡಿ. ಸಂಜೆ ಕರೆಯಲಿಕ್ಕೆ ಹೋದಾಗ ದಿನಾ ಮಂಕಾಗಿ ಮಲಗಿರುವ ಕೂಸನ್ನು ನೋಡಿ ಅಂಜಬೇಕು. ಎಂಟು-ಒಂಬತ್ತು ತಿಂಗಳಿಗೆ ಹೊಸ ಮುಖ ಕಂಡು ಅಳುವುದು ಬೆಳವಣಿಗೆಯ ಗುಣ. ರಜಾ ಮುಗಿಯುವ ಎರಡು ವಾರ ಮೊದಲೇ ಶುರು ಮಾಡಿ, ಮೊದಲ ದಿನ ತಾಯಿಯ ಜೊತೆ ಒಂದು ತಾಸು, ಆಮೇಲೆ ಒಂದೇ ಎರಡು ತಾಸು, ಹೀಗೆ ಏರಿಸುತ್ತ ಹೋದರೆ ಕೂಸು ಹೊಂದಿಕೊಳ್ಳುತ್ತದೆ.

ಗಂಜಿನವರು ಮನಸ್ಸು ಮಾಡಿದರೆ

1969ರಲ್ಲಿ ದಿಲ್ಲಿಯ ಒಂದು ಕಟ್ಟಡ ಕೆಲಸದ ಜಾಗದಲ್ಲಿ, ಧೂಳಿನಲ್ಲಿ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಎಂಬವರು ಅಲ್ಲಿಯೇ ಆಸರೆ ಹೂಡಿದರು. ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ ಹುಟ್ಟಿದ್ದು ಹಾಗೆ. ಅರಮನೆ ಕಟ್ಟಿ ಶುರು ಮಾಡಿದ್ದಲ್ಲ.

ಬೀದರದಲ್ಲೂ ಆಗದ ಮಾತಲ್ಲ. 50 ಮಂದಿ ಕೆಲಸಗಾರರಿಲ್ಲದ ಅಂಗಡಿಗೆ ಶಿಶುಪಾಲನಾ ಕೇಂದ್ರದ ಬಂಧನ ಇಲ್ಲ, ನಿಜ. ಆದರೆ ಹಲವು ಸಂಸ್ಥೆಗಳು ದುಡ್ಡು ಕೂಡಿಸಿ ಒಂದೇ ಸಾಮಾನ್ಯ ಕೇಂದ್ರ ನಡೆಸಬಹುದು ಎಂದು ಸಾಮಾಜಿಕ ಭದ್ರತಾ ಸಂಹಿತೆಯೇ ದಾರಿ ತೋರಿಸಿದೆ. ಚಿಕ್ಕ ಅಂಗಡಿಯವರು ಕೂಡಿ ಅದೇ ದಾರಿ ಹಿಡಿದರೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ. ಗಾಂಧಿ ಗಂಜಿನ ಅಡತ್ ಅಂಗಡಿಗಳು, ಬಟ್ಟೆ ಅಂಗಡಿಗಳು, ಮೆಡಿಕಲ್ಲುಗಳು ಕೂಡಿ ಕೆಳಮಹಡಿಯಲ್ಲಿ ಎರಡು ಗಾಳಿ-ಬೆಳಕಿನ ಕೋಣೆ ಹಿಡಿದರೆ ಸಾಕು. ಮಾಲಕರ ಸೊಸೆಯ ಕೂಸೂ ಅಲ್ಲಿಯೇ, ಅಂಗಡಿಯಲ್ಲಿ ನಿಲ್ಲುವ ಹೆಣ್ಣುಮಗಳ ಕೂಸೂ ಅಲ್ಲಿಯೇ. ಹಾಗಾದರೆ ಮಾಲಕರ ಕಣ್ಣೂ ಅದರ ಮೇಲೆ ಇರುತ್ತದೆ.

ನಡೆಸುವವರು ಬೇಕೆ? 1990ರ ದಶಕದಿಂದ ಬೀದರ ಡಿ.ಸಿ.ಸಿ. ಬ್ಯಾಂಕು ಹಳ್ಳಿ ಹಳ್ಳಿಗೆ ಸ್ವಸಹಾಯ ಗುಂಪು ಕಟ್ಟಿ ದೇಶಕ್ಕೆ ಹೆಸರಾದ ಜಿಲ್ಲೆ ಇದು. ಉಳಿತಾಯ, ಸಾಲ, ಲೆಕ್ಕಪುಸ್ತಕ ಕಲಿತ ಅದೇ ಹೆಣ್ಣುಮಕ್ಕಳಿಗೆ ಕೂಸು ನೋಡುವ ತರಬೇತಿ ಕೊಟ್ಟು, ಮಾನದ ಪಗಾರ ಕೊಟ್ಟರೆ ಭಾಲ್ಕಿ, ಔರಾದ ಬಸ್ ನಿಲ್ದಾಣದ ಸುತ್ತಮುತ್ತಲೂ ಒಂದೊಂದು ಕೇಂದ್ರ ಏಳಬಹುದು. ಬಸ್ಸಿನ ಹೊತ್ತಿಗೆ ತೆರೆದು ಬಸ್ಸಿನ ಹೊತ್ತಿಗೆ ಮುಚ್ಚುವಂಥದ್ದು.

ಕಾಯ್ದೆಯಲ್ಲಿ ದಾರಿ ಇದೆ, ಗಂಜಿನಲ್ಲಿ ಜಾಗ ಇದೆ, ಗುಂಪುಗಳಲ್ಲಿ ಕೈ ಇವೆ. ವ್ಯಾಪಾರಸ್ಥರು, ನಗರಾಡಳಿತದವರು ಒಂದು ಸಲ ಕೂಡಿ ಕೂತು ಮಾತಾಡುವರೇ? ಮುಂದಿನ ಸೋಮವಾರ ಡ್ಯೂಟಿಗೆ ಹೋಗಬೇಕಾದ ತಾಯಂದಿರು ಕಾಯುತ್ತಿದ್ದಾರೆ.